ಸೀಟು ಹೆಚ್ಚಿದರೆ ಸಾಲದು, ವೈದ್ಯರು ಊರಿಗೆ ಮರಳಬೇಕು

(ವಾಮದಪದವಿನಲ್ಲಿ ನಡೆದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಮೂರು ಪೇಟೆಗಳ ನಡುವಿನ ಊರು ಈ ವಾಮದಪದವು. ಇಲ್ಲಿ ನಿಂತು ವೈದ್ಯಕೀಯ ಶಿಕ್ಷಣದ ಬಗ್ಗೆ ಮಾತನಾಡುವಾಗ ಒಂದು ವೈರುಧ್ಯ ಕಣ್ಣಿಗೆ ರಾಚುತ್ತದೆ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ. ಕಸ್ತೂರ್ಬಾ, ಫಾದರ್ ಮುಲ್ಲರ್, ಕೆ.ಎಸ್. ಹೆಗ್ಡೆ, ಯೇನೆಪೋಯ, ಎ.ಜೆ., ಶ್ರೀನಿವಾಸ್, ಕಣಚೂರು, ಸುಳ್ಯದ ಕೆ.ವಿ.ಜಿ. ಹೀಗೆ ಎಂಟು ಕಾಲೇಜುಗಳು. ಎಂಟೂ ಖಾಸಗಿ. ಹತ್ತು ಲಕ್ಷ ಜನಸಂಖ್ಯೆಗೆ 100 ಎಂಬಿಬಿಎಸ್ ಸೀಟು ಎಂಬುದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರಲ್ಲಿ ರಾಜ್ಯಗಳಿಗೆ ಸೂಚಿಸಿದ ಅಳತೆ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಜನಸಂಖ್ಯೆ ಸುಮಾರು 21 ಲಕ್ಷ. ಆ ಅಳತೆಯಲ್ಲಿ ನಮಗೆ ಇನ್ನೂರರಷ್ಟು ಸೀಟು ಸಾಕು. ಇರುವುದು ಸಾವಿರಕ್ಕೂ ಹೆಚ್ಚು.

ಹಾಗಾದರೆ ಪ್ರಶ್ನೆ ಇದು. ಇಷ್ಟೊಂದು ವೈದ್ಯರನ್ನು ರೂಪಿಸುವ ಜಿಲ್ಲೆಯಲ್ಲಿ, ಮಧ್ಯರಾತ್ರಿ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳನ್ನು ನಮ್ಮ ಮನೆಯವರು ಇಂದಿಗೂ ಮಂಗಳೂರಿನ ಹಾದಿ ಹಿಡಿಸಬೇಕಾಗುವುದೇಕೆ?

ಈ ಊರಿನಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ನಿಯಮದ ಪ್ರಕಾರ ಇಂತಹ ಕೇಂದ್ರವೆಂದರೆ 30 ಹಾಸಿಗೆಗಳು. ಶಸ್ತ್ರಚಿಕಿತ್ಸಕರು, ಫಿಸಿಶಿಯನ್, ಪ್ರಸೂತಿ ತಜ್ಞರು, ಮಕ್ಕಳ ತಜ್ಞರು, ಅರಿವಳಿಕೆ ತಜ್ಞರು. ಇವರಲ್ಲಿ ಒಬ್ಬರಿಲ್ಲದಿದ್ದರೂ ಉಳಿದವರ ಕೈ ಕಟ್ಟಿದಂತೆ. ಅರಿವಳಿಕೆ ತಜ್ಞರಿಲ್ಲದೆ ಸಿಸೇರಿಯನ್ ಆಗದು. ಕೇಂದ್ರ ಸರಕಾರದ ಗ್ರಾಮೀಣ ಆರೋಗ್ಯ ಅಂಕಿಅಂಶಗಳನ್ನೇ ನೋಡಿ. 2022ರಲ್ಲಿ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞರ ಪೈಕಿ ಸುಮಾರು ಶೇ. 80ರಷ್ಟು ಮಂದಿಯ ಕೊರತೆಯಿತ್ತು. ಇತ್ತ ದೇಶದ ವೈದ್ಯಕೀಯ ಕಾಲೇಜುಗಳು 2014ರಲ್ಲಿದ್ದ 387ರಿಂದ ಹತ್ತೇ ವರ್ಷಗಳಲ್ಲಿ 780ಕ್ಕೆ ಏರಿದವು. ಕಾಲೇಜು ಇಮ್ಮಡಿಯಾಯಿತು, ಹಳ್ಳಿಯ ಕುರ್ಚಿ ಖಾಲಿಯೇ ಉಳಿಯಿತು.

ಕಾರಣವನ್ನು ವೈದ್ಯರ ದುರಾಸೆಯಲ್ಲಿ ಮಾತ್ರ ಹುಡುಕುವುದು ನ್ಯಾಯವಲ್ಲ. ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿದ ಶುಲ್ಕ ತೆತ್ತು ಓದಿದ ಯುವಕನ ಬೆನ್ನ ಮೇಲೆ ಮನೆಯವರ ಸಾಲವಿದೆ. ನಗರದಲ್ಲಿ ಹುಟ್ಟಿ ನಗರದ ಆಸ್ಪತ್ರೆಯಲ್ಲೇ ಕಲಿತವನಿಗೆ ಹಳ್ಳಿ ಶಿಕ್ಷೆಯಂತೆ ಕಾಣುತ್ತದೆ. ಯಾರನ್ನು ಆರಿಸುತ್ತೇವೆ, ಯಾರ ಖರ್ಚಿನಲ್ಲಿ ಓದಿಸುತ್ತೇವೆ, ಎಲ್ಲಿ ಕಲಿಸುತ್ತೇವೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರಿಸದೆ ಸೀಟು ಹೆಚ್ಚಿಸಿದರೆ ನಗರದ ವೈದ್ಯರ ಸಂಖ್ಯೆ ಹೆಚ್ಚುತ್ತದೆ, ಅಷ್ಟೇ.

ನಮ್ಮ ರಾಜ್ಯ ಏನೂ ಮಾಡಿಲ್ಲವೆಂದಲ್ಲ. ಸರಕಾರ ಹಂಚುವ ಸೀಟುಗಳಲ್ಲಿ ಶೇ. 15 ಗ್ರಾಮೀಣ ಮೀಸಲಾತಿ ಹಾಗೂ ಶೇ. 5 ಕನ್ನಡ ಮಾಧ್ಯಮ ಮೀಸಲಾತಿ ಇದೆ. ಆದರೆ ಹಳ್ಳಿಯವನೆಂಬ ಕಾರಣಕ್ಕೆ ಸೀಟು ಪಡೆದವನು ತನ್ನ ಹಳ್ಳಿಗೇ ಮರಳಬೇಕೆಂಬ ಕರಾರು ಇದರಲ್ಲಿಲ್ಲ. ಇನ್ನೊಂದೆಡೆ, ವೈದ್ಯಕೀಯ ವ್ಯಾಸಂಗ ಮುಗಿಸಿದವರು ಒಂದು ವರ್ಷ ಸೇವೆ ಸಲ್ಲಿಸಬೇಕೆಂಬ ಕಾನೂನನ್ನು ರಾಜ್ಯವು 2012ರಲ್ಲಿ ರೂಪಿಸಿ 2015ರಲ್ಲಿ ಜಾರಿಗೆ ತಂದಿತು. 2023ರ ತಿದ್ದುಪಡಿಯು ಅದನ್ನು ಅಗತ್ಯವಿದ್ದಷ್ಟು ಮಂದಿಗೆ ಮಾತ್ರ ಸೀಮಿತಗೊಳಿಸಿತು. ಒಂದು ವರ್ಷದಲ್ಲಿ ವೈದ್ಯನಿಗೆ ಊರು ಪರಿಚಯವಾಗುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ. ಮೀಸಲಾತಿಗೆ ಕರ್ತವ್ಯದ ನಂಟಿಲ್ಲ, ಕರ್ತವ್ಯಕ್ಕೆ ಊರಿನ ನಂಟಿಲ್ಲ. ಇವೆರಡನ್ನು ಜೋಡಿಸುವುದೇ ಇಂದು ಆಗಬೇಕಾದ ಕೆಲಸ.

ಇದು ಕನಸಲ್ಲ. ಜಪಾನ್ 1972ರಲ್ಲಿ ಇದೇ ಉದ್ದೇಶಕ್ಕಾಗಿ ಜಿಚಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿತು. ಅಲ್ಲಿನ 47 ಪ್ರಾಂತಗಳಿಂದಲೂ ಪ್ರತಿ ವರ್ಷ ಇಬ್ಬರು ಮೂವರನ್ನು ಆರಿಸಲಾಗುತ್ತದೆ. ಶುಲ್ಕವು ಸಾಲದ ರೂಪದಲ್ಲಿರುತ್ತದೆ. ಪದವೀಧರನು ಒಂಬತ್ತು ವರ್ಷ ತನ್ನದೇ ಪ್ರಾಂತದಲ್ಲಿ ಸೇವೆ ಸಲ್ಲಿಸಿದರೆ ಸಾಲ ಮನ್ನಾ. ಬಹುಪಾಲು ಮಂದಿ ಈ ಕರಾರನ್ನು ಪೂರೈಸಿದ್ದಾರೆ. ನಮ್ಮ ದೇಶದಲ್ಲೇ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಚರ್ಚುಗಳು ಮತ್ತು ಮಿಷನ್ ಆಸ್ಪತ್ರೆಗಳು ವಿದ್ಯಾರ್ಥಿಗಳನ್ನು ಪ್ರಾಯೋಜಿಸುತ್ತವೆ. ಪದವಿ ಮುಗಿಸಿದವರು ಪ್ರಾಯೋಜಿಸಿದವರ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿಯುತ್ತಾರೆ. ಮಹಾರಾಷ್ಟ್ರದ ಸೇವಾಗ್ರಾಮದಲ್ಲಿ 1969ರಲ್ಲಿ ಆರಂಭವಾದ ಕಾಲೇಜು ಮೊದಲ ವರ್ಷವೇ ವಿದ್ಯಾರ್ಥಿಗಳನ್ನು ಹಳ್ಳಿಯಲ್ಲಿ ವಾಸ್ತವ್ಯಕ್ಕೆ ಕರೆದೊಯ್ಯುತ್ತದೆ.

ಪುತ್ತೂರಿಗೆ ಸರಕಾರಿ ವೈದ್ಯಕೀಯ ಕಾಲೇಜನ್ನು 2025ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಲಾಯಿತು. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಜಿಲ್ಲೆಗೆ ಒಂಬತ್ತನೆಯ ಕಾಲೇಜು ಬಂತೆಂದು ಸಂಭ್ರಮಿಸಿದರೆ ಸಾಲದು. ಅಲ್ಲಿನ ಸೀಟುಗಳ ಒಂದು ಭಾಗವನ್ನು ತಾಲೂಕುವಾರು ಹಂಚಿ, ಶುಲ್ಕ ಮನ್ನಾ ಮಾಡಿ, ಕೆಲವು ವರ್ಷ ಅದೇ ತಾಲೂಕಿನಲ್ಲಿ ಸೇವೆ ಎಂಬ ಕರಾರು ಇಡಬೇಕೆಂದು ನಾವು ಒತ್ತಾಯಿಸಬೇಕು. ಜತೆಗೆ, ವಸತಿ, ಸಕಾಲಿಕ ವೇತನ, ಉಪಕರಣ, ಸ್ನಾತಕೋತ್ತರ ವ್ಯಾಸಂಗದಲ್ಲಿ ಆದ್ಯತೆ ಇವುಗಳನ್ನು ಸರಕಾರ ಒದಗಿಸಬೇಕು. ವೈದ್ಯನಿಗೆ ಕರಾರು ವಿಧಿಸಿ ಆಸ್ಪತ್ರೆಗೆ ಔಷಧಿ ಕೊಡದಿರುವುದು ಇಬ್ಬಗೆಯ ನೀತಿಯಾದೀತು. ಖಾಸಗಿ ಕಾಲೇಜುಗಳಿಗೂ ಹೊಣೆಯಿದೆ. ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆಯ ಬಡ ರೋಗಿಗಳ ಹಾಸಿಗೆಯ ಪಕ್ಕದಲ್ಲಿ 1955ರಿಂದ ಕಸ್ತೂರ್ಬಾ ಕಾಲೇಜಿನ ಎಷ್ಟೋ ತಲೆಮಾರುಗಳು ವೈದ್ಯ ವಿದ್ಯೆ ಕಲಿತಿವೆ. ಆ ಋಣದ ಒಂದು ಪಾಲು ಹಳ್ಳಿಗಳಿಗೂ ಸಲ್ಲಬೇಡವೇ?

ಇನ್ನು ನಮ್ಮ ಸಮುದಾಯದ ಮಾತು. ನಮ್ಮವರು ಕಟ್ಟಿದ ವೈದ್ಯಕೀಯ ಕಾಲೇಜುಗಳು ಈ ಜಿಲ್ಲೆಯಲ್ಲಿವೆ, ಹೆಮ್ಮೆ ಪಡೋಣ. ಆದರೆ 20 ವರ್ಷ ಮೀರಿದ ಮುಸ್ಲಿಮರಲ್ಲಿ ಪದವೀಧರರು ಶೇ. 4ಕ್ಕಿಂತ ಕಡಿಮೆಯೆಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿದ್ದನ್ನು ಮರೆಯದಿರೋಣ. ಬ್ಯಾರಿ ಭಾಷೆಯಲ್ಲೋ ತುಳುವಿನಲ್ಲೋ ಮಾತ್ರ ತನ್ನ ನೋವನ್ನು ಹೇಳಬಲ್ಲ ತಾಯಿ, ಅಪರಿಚಿತ ವೈದ್ಯರ ಮುಂದೆ ಅರ್ಧ ಹೇಳಿ ಅರ್ಧ ನುಂಗಿಕೊಳ್ಳುತ್ತಾಳೆ. ಆ ಅರ್ಧದಲ್ಲೇ ಕೆಲವೊಮ್ಮೆ ರೋಗವಿರುತ್ತದೆ. ಅವಳ ಮಾತು ಬಲ್ಲ ವೈದ್ಯೆ ಅವಳ ಊರಿನಿಂದಲೇ ಬರಬೇಕು. ಹತ್ತನೆಯ ತರಗತಿಯಲ್ಲಿ ಚೆನ್ನಾಗಿ ಓದಿದ ಮಗಳಿಗೆ ಗಂಡು ಹುಡುಕುವ ಅವಸರವನ್ನು ನಾವು ಬಿಡಬೇಕು. ಮದುವೆ ಹಾಲ್‌ನ ಒಂದು ರಾತ್ರಿಗೆ ಸುರಿಯುವ ಹಣದಲ್ಲಿ ಒಬ್ಬಳ ನೀಟ್ ತರಬೇತಿ ನಡೆಯುತ್ತದೆ. ಪ್ರತಿ ಜಮಾಅತ್ ಒಬ್ಬ ವಿದ್ಯಾರ್ಥಿಯ ಹೊಣೆ ಹೊತ್ತು, ಓದಿದ ಮೇಲೆ ಊರಿಗೆ ಇಷ್ಟು ವರ್ಷ ಎಂದು ಮಾತು ಪಡೆಯಲಿ. ಹಳ್ಳಿ ಶಾಲೆಯಲ್ಲಿ ಓದುವ ಮಕ್ಕಳ ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನು ಸಕಾಲದಲ್ಲಿ ಮಾಡಿಸಿಡಿ. ಆ ಸೌಲಭ್ಯದ ಅರಿವಿಲ್ಲದೆ ಪ್ರತಿಭಾವಂತರು ಹಿಂದುಳಿಯಬಾರದು.

ವೈದ್ಯರು ಬರಲಿಲ್ಲವೆಂದು ದೂರುವ ಮೊದಲು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಈ ಊರಿನಿಂದ ನಾವು ಎಷ್ಟು ಮಂದಿಯನ್ನು ಓದಲು ಕಳುಹಿಸಿದೆವು? ಕಳುಹಿಸಿದವರಲ್ಲಿ ಎಷ್ಟು ಮಂದಿಗೆ ಮರಳಿ ಬಾ ಎಂದು ಹೇಳಿದೆವು?