ಮನೆಬಾಗಿಲಿನ ಆರೈಕೆಯೂ ಸಾರ್ವಜನಿಕ ದ್ರವ್ಯವೂ



ರೋಗಗಳು ಎರಡು ತೆರನಾಗಿರುವುವು. ಕೆಲವು ಅತಿಥಿಯಂತೆ ಬಂದು ಹೋಗತಕ್ಕವು. ಕೆಲವು ಒಕ್ಕಲಾಗಿ ನೆಲಸಿಬಿಡತಕ್ಕವು. ಮಧುಮೇಹವೂ ರಕ್ತದೊತ್ತಡವೂ ಎರಡನೆಯ ಬಗೆಯವು. ಇವು ನೋವನ್ನು ತೋರದೆ ಒಳಗೊಳಗೇ ಕಣ್ಣು, ಮೂತ್ರಪಿಂಡ, ಹೃದಯಗಳನ್ನು ಕೆಡಿಸುವುದರಿಂದ, ರೋಗಿಯು ತಾನು ಸ್ವಸ್ಥನೆಂದೇ ಬಗೆದು ಔಷಧವನ್ನು ಬಿಡುವನು. ಪಾರ್ಶ್ವವಾಯು ಬಡಿದ ಮೇಲೆ ಮನೆಯವರು ಎಚ್ಚರುವರು. ಜಾತ್ರೆಯ ದಿನದ ಚಿಕಿತ್ಸಾಶಿಬಿರವು ಇಂತಹ ರೋಗವನ್ನು ಕಂಡುಹಿಡಿಯಬಲ್ಲುದು. ಅದನ್ನು ಹದದಲ್ಲಿಡಲು ವರ್ಷವಿಡೀ ಮನೆಗೆ ಬಂದು ವಿಚಾರಿಸುವವರು ಬೇಕು.

ನೆರೆಯ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ 2021ನೆಯ ಆಗಸ್ಟ್ 5ರಂದು ‘ಮಕ್ಕಳೈ ತೇಡಿ ಮರುತ್ತುವಂ’, ಎಂದರೆ ಜನರನ್ನು ಅರಸಿ ಬರುವ ಚಿಕಿತ್ಸೆ, ಎಂಬ ಯೋಜನೆಯು ಸರ್ಕಾರದ ವೆಚ್ಚದಿಂದ ಆರಂಭವಾಯಿತು. ಊರಿನ ಸ್ತ್ರೀಯರೇ ತರಬೇತಿ ಹೊಂದಿ ಮನೆಮನೆಗೆ ಹೋಗಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿ ಮಾತ್ರೆಗಳನ್ನು ತಲುಪಿಸುವರು. ಹಾಸಿಗೆ ಹಿಡಿದವರಲ್ಲಿಗೆ ದಾದಿಯರೂ ಫಿಜಿಯೋಥೆರಪಿ ಬಲ್ಲವರೂ ಬರುವರು. ಕರ್ನಾಟಕದಲ್ಲಿಯೂ 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಿಂದ ‘ಗೃಹ ಆರೋಗ್ಯ’ ಯೋಜನೆಯು ಮೊದಲಾಗಿ, 30 ವರ್ಷ ಮೀರಿದವರನ್ನು ಮನೆಯಲ್ಲಿಯೇ ಪರೀಕ್ಷಿಸುವ ಕ್ರಮವು ಬಂದಿತು.

ಕರ್ನಾಟಕದಲ್ಲಿ ಇಂತಹ ಮನೆಬಾಗಿಲಿನ ಕಾರ್ಯದಲ್ಲಿ ಮುಂದಾಗಿ ನಡೆಯುವವರು ಆಶಾ ಕಾರ್ಯಕರ್ತೆಯರು. 2005ರಲ್ಲಿ ದೇಶದಲ್ಲಿ ಈ ವ್ಯವಸ್ಥೆಯು ತೊಡಗಿದಾಗ ತಾಯಿಮಕ್ಕಳ ಆರೈಕೆಯೇ ಅವರ ಮುಖ್ಯ ಕಾರ್ಯವಾಗಿದ್ದಿತು. ಸುಮಾರು 1000 ಜನರಿಗೆ ಒಬ್ಬಳೆಂಬುದು ಗ್ರಾಮಗಳ ನಿಯಮ. ಈಗ ದೀರ್ಘರೋಗಗಳ ಭಾರವೂ ಕೂಡಿತು. ಆದರೆ ಸರ್ಕಾರದ ಲೆಕ್ಕದಲ್ಲಿ ಅವರು ಸ್ವಯಂಸೇವಕಿಯರೇ. ದೊರೆಯುವುದು ಸಂಬಳವಲ್ಲ, ಗೌರವಧನವೂ ಕೆಲಸಕ್ಕೆ ಇಷ್ಟೆಂಬ ಪ್ರೋತ್ಸಾಹಧನವೂ. ಆದಕಾರಣವೇ 2025ರ ಜನವರಿಯಲ್ಲಿ ಅವರು ಬೆಂಗಳೂರಿನಲ್ಲಿ ನಿಶ್ಚಿತ ಗೌರವಧನವನ್ನು ಬೇಡಿ ಅಹೋರಾತ್ರಿ ಧರಣಿ ಕುಳಿತರು.

ಸೇವೆಗೆ ಬೆಲೆ ಕಟ್ಟಬಹುದೆ ಎಂದು ಕೆಲವರು ಆಕ್ಷೇಪಿಸುವರು. ಸೇವೆಗೆ ಬೆಲೆಯಿಲ್ಲವೆಂಬುದು ದಿಟ. ಸೇವೆ ಮಾಡುವವಳ ಮನೆಯಲ್ಲಿ ಒಲೆ ಉರಿಯಬೇಕೆಂಬುದೂ ಅಷ್ಟೇ ದಿಟ. ಕಾಯಕವೆಂದು ಕೊಂಡಾಡಿ ಕೂಲಿಯನ್ನು ತಡೆಹಿಡಿಯುವುದು ಕಾಯಕಕ್ಕೆ ಮಾಡುವ ಅವಮಾನವು. ಅವಳು ಬೇಸತ್ತು ಬಿಟ್ಟುಹೋದರೆ ಯಾವ ಮನೆಯಲ್ಲಿ ಯಾರು ಮಾತ್ರೆ ನಿಲ್ಲಿಸಿರುವರೆಂಬ ಅರಿವೂ ಅವಳೊಡನೆಯೇ ಹೋಗುವುದು. ಮೂತ್ರಪಿಂಡವು ಪೂರ್ಣ ಕೆಟ್ಟವನಿಗೆ ವಾರಕ್ಕೆ ಎರಡು ಮೂರು ಸಾರಿ ಡಯಾಲಿಸಿಸ್ ಆಗಬೇಕು. ಆ ವೆಚ್ಚದ ಮುಂದೆ ಬಾಗಿಲಿಗೆ ಬರುವ ಮಾತ್ರೆಯ ವೆಚ್ಚವು ಅತ್ಯಲ್ಪವು.

ಆದುದರಿಂದ ಸದ್ಭಕ್ತರು ತಮ್ಮ ತಮ್ಮ ಗ್ರಾಮಸಭೆಗಳಲ್ಲಿ ಮೂರನ್ನು ತಪ್ಪದೆ ಕೇಳತಕ್ಕದ್ದು: ರಕ್ತದೊತ್ತಡವನ್ನು ಅಳೆಯುವ ಯಂತ್ರವು ಸರಿಯಾಗಿದೆಯೆ? ಮಾತ್ರೆಗಳು ತಿಂಗಳು ತಿಂಗಳಿಗೆ ಬರುವುವೆ? ಅವನ್ನು ತರುವವಳಿಗೆ ಹಣವು ಕಾಲಕ್ಕೆ ಸಲ್ಲುವುದೆ? ತೆರಿಗೆಯ ದ್ರವ್ಯವು ಪ್ರಜೆಗಳದೇ ಆಗಿರಲು, ಹೀಗೆ ಕೇಳುವುದು ಬೇಡಿಕೆಯಲ್ಲ, ಕರ್ತವ್ಯವು.