ಅವಳಿಗೊಂದು ಅರ್ಧ ಗಂಟೆ



ಬೆಳಗ್ಗೆ ಆರು ಗಂಟೆಗೆ ಒಮ್ಮೆ ಲಾಲ್‌ಬಾಗ್‌ಗೆ ಹೋಗಿ ನೋಡಿ. ಸೀರೆ ಉಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿದ ಅಜ್ಜಿ ಇರ್ತಾರೆ. ಬುರ್ಖಾ ತೊಟ್ಟು ಬಿರುಸಾಗಿ ನಡೆಯೋ ಅಕ್ಕಂದಿರು ಇರ್ತಾರೆ. ಈಶಾನ್ಯ ರಾಜ್ಯಗಳಿಂದ ಬಂದು ಇಲ್ಲಿ ದುಡಿಯೋ ಹುಡುಗಿಯರು ಓಡ್ತಿರ್ತಾರೆ. ನೋಡೋದಕ್ಕೇ ಖುಷಿ.

ಆದರೆ ಒಂದು ವ್ಯತ್ಯಾಸ ಗಮನಿಸಿ. ವಾಕಿಂಗ್ ಮುಗಿಸಿದ ಗಂಡಸರು ಕಲ್ಲುಬೆಂಚಿನ ಮೇಲೆ ಕೂತು ರಾಜಕೀಯ ಮಾತಾಡ್ತಾರೆ. ಹೆಂಗಸರು? ಗಡಿಯಾರ ನೋಡ್ಕೊಂಡು ಮನೆ ಕಡೆ ಹೆಜ್ಜೆ ಹಾಕ್ತಾರೆ. ತಿಂಡಿ ಆಗಬೇಕು, ಮಕ್ಕಳ ಡಬ್ಬಿ ಕಟ್ಟಬೇಕು. ಇವರಾದ್ರೂ ಪಾರ್ಕಿಗೆ ಬಂದವರು. ಬರೋದಕ್ಕೇ ಆಗದವರ ಕಥೆ ಏನು?

'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರಲ್ಲಿ ನಮ್ಮ ದೇಶದ ವಯಸ್ಕ ಹೆಂಗಸರಲ್ಲಿ ಶೇಕಡ 57 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆಯೇ ಇಲ್ಲ. ಗಂಡಸರಲ್ಲಿ ಇದು ಶೇಕಡ 42. ವಿಶ್ವ ಆರೋಗ್ಯ ಸಂಸ್ಥೆ ಕೇಳ್ತಿರೋದು ವಾರಕ್ಕೆ ಕನಿಷ್ಠ 150 ನಿಮಿಷ. ಅಂದ್ರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಅಷ್ಟೇ.

ತಕ್ಷಣ ಒಂದು ಮಾತು ಬರುತ್ತೆ: 'ಮನೆಕೆಲಸ ಮಾಡ್ತಾಳಲ್ಲ, ಅದೇ ವ್ಯಾಯಾಮ!' ಸರಿ, ಮನೆಕೆಲಸದ ಲೆಕ್ಕವನ್ನೇ ನೋಡೋಣ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಹೇಳುತ್ತೆ, ಮನೆಕೆಲಸ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಸಂಬಳವಿಲ್ಲದೆ ದುಡೀತಾರೆ. ಮನೆಕೆಲಸಕ್ಕೆ ಕೈ ಹಾಕೋ ಗಂಡಸರು 88 ನಿಮಿಷ. ಒಲೆ ಮುಂದೆ ಗಂಟೆಗಟ್ಟಲೆ ನಿಂತರೆ ಕಾಲು ನೋಯುತ್ತೆ, ಎದೆಬಡಿತ ಏರೋದಿಲ್ಲ. ಅದಕ್ಕಿಂತ ದೊಡ್ಡ ಮಾತು, ಆ ದುಡಿಮೆ ಮನೆಯವರಿಗಾಗಿ. ವ್ಯಾಯಾಮ ಅವಳಿಗಾಗಿ. ಎರಡೂ ಒಂದೇ ಅಂತ ಹೇಗ್ರೀ ಹೇಳೋದು?

ಇಂಗ್ಲೆಂಡಿನಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಆಫ್ರಿಕಾ ಮೂಲದ ಹೆಂಗಸರು ಲಕ್ಷಗಟ್ಟಲೆ ಇದ್ದಾರೆ. ನಮ್ಮ ಮೂಲದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಹತ್ತುತ್ತೆ ಅನ್ನೋದು ಅಲ್ಲಿನ ವೈದ್ಯರಿಗೆ ಚೆನ್ನಾಗಿ ಗೊತ್ತು. ಅಲ್ಲಿ 2015ರಲ್ಲಿ ಸ್ಪೋರ್ಟ್ ಇಂಗ್ಲೆಂಡ್ ಸಂಸ್ಥೆ 'ದಿಸ್ ಗರ್ಲ್ ಕ್ಯಾನ್' ಅನ್ನೋ ಅಭಿಯಾನ ಶುರು ಮಾಡ್ತು. ಅದಕ್ಕೂ ಮೊದಲು ಹೆಂಗಸರನ್ನೇ ಕೇಳಿದರು. ಆಸೆ ಇದೆ, ಆದರೆ ನೋಡಿದವರು ಏನಂದುಕೊಳ್ತಾರೋ ಅನ್ನೋ ಅಳುಕು! ಹಾಗಾಗಿ ಜಾಹೀರಾತಿಗೆ ಸಿನಿಮಾ ತಾರೆಯರನ್ನ ಕರೆಸಲಿಲ್ಲ. ಬೆವರು ಸುರಿಸೋ, ಏದುಸಿರು ಬಿಡೋ, ದಪ್ಪ-ಸಣ್ಣ, ಕಪ್ಪು-ಬಿಳಿ ಸಾಮಾನ್ಯ ಹೆಂಗಸರನ್ನೇ ತೋರಿಸಿದರು. ಅಲ್ಲಿನ ಹಲವು ಈಜುಕೊಳಗಳಲ್ಲಿ ಹೆಂಗಸರಿಗೇ ಅಂತ ಪ್ರತ್ಯೇಕ ಸಮಯ ಇದೆ. ಬಟ್ಟೆ ಬಗ್ಗೆ ವಾದ ಇಲ್ಲ, ಬಂದು ಈಜಿ ಅಷ್ಟೇ.

ಅಷ್ಟು ದೂರ ಯಾಕೆ, ನಮ್ಮ ಕೊಡಗನ್ನೇ ನೋಡಿ. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ ಆಡೋದು ಮನೆತನಗಳ ತಂಡ. ಅಣ್ಣ, ಚಿಕ್ಕಪ್ಪನ ಜೊತೆ ಹೆಣ್ಣುಮಕ್ಕಳೂ ಸ್ಟಿಕ್ ಹಿಡಿದು ಇಳಿದಿದ್ದಾರೆ. ಮನೆಯವರೇ ಜೊತೆಗೆ ನಿಂತಾಗ 'ಜನ ಏನಂತಾರೆ' ಅನ್ನೋ ಪ್ರಶ್ನೆಯೇ ಏಳಲಿಲ್ಲ.

ಜಾತಿ, ಧರ್ಮ, ಭಾಷೆ ಬೇರೆ ಇರಬಹುದು ವೀಕ್ಷಕರೆ, ಹೆಣ್ಣುಮಕ್ಕಳಿಗೆ ಬೇಕಾದ್ದು ಇಷ್ಟೇ: ಸಮಯ, ಜಾಗ, ಜೊತೆ, ತನಗೆ ಒಪ್ಪುವ ಬಟ್ಟೆ. ಬೆಂಗಳೂರಿನಲ್ಲಿ ಪಾಲಿಕೆಯ ಪಾರ್ಕುಗಳು ಬಹಳ ಕಾಲ ಬೆಳಗ್ಗೆ 10ಕ್ಕೇ ಬಾಗಿಲು ಹಾಕ್ತಿದ್ದವು. ಗೃಹಿಣಿಗೆ ಬಿಡುವು ಸಿಗೋದೇ ಆಮೇಲೆ! 2024ರಲ್ಲಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡೋ ತೀರ್ಮಾನ ಆಯ್ತು. ಒಳ್ಳೇದು. ಆದರೆ ಗಾರ್ಮೆಂಟ್ಸ್ ಕೆಲಸ ಮುಗಿಸಿ ಕತ್ತಲಾದ ಮೇಲೆ ಬರೋ ಹುಡುಗಿಗೆ ಗೇಟು ತೆಗೆದಿದ್ದರೆ ಸಾಲದು. ದೀಪ ಉರೀಬೇಕು, ಶೌಚಾಲಯ ಇರಬೇಕು, ಚುಡಾಯಿಸೋರು ಇರಬಾರದು.

ಇದು ಸರ್ಕಾರದ ಕೆಲಸ. ಮನೆಯ ಕೆಲಸ ನಮ್ಮದು. 'ನೀನು ವಾಕಿಂಗ್ ಹೋಗು' ಅಂತ ಹೆಂಡತಿಗೆ ಉಪದೇಶ ಮಾಡೋದು ಬಹಳ ಸುಲಭ ಸ್ವಾಮಿ. ನಾಳೆ ಬೆಳಗ್ಗೆ ಆ ಡಬ್ಬಿ ನೀವು ಕಟ್ಟಿ. ಅರ್ಧ ಗಂಟೆ ತಾನಾಗೇ ಸಿಗುತ್ತೆ.

ಯೋಚನೆ ಮಾಡಿ.