ಏಕಕಾಲದಲ್ಲಿ ಹಲವು ವಿಭವಾಂತರಗಳ ಅಳತೆ: ಮಿತವ್ಯಯದ ಉಪಕರಣಗಳ ಆಯ್ಕೆ



ಸರಣಿ ಜೋಡಣೆಯಲ್ಲಿ ಬಿಡಿ ವಿಭವಾಂತರಗಳ ಮೊತ್ತವು ಒಟ್ಟು ವಿಭವಾಂತರಕ್ಕೆ ಸಮವೆಂಬುದನ್ನು ಪ್ರೌಢಶಾಲೆಯ ಮಕ್ಕಳು ಕಂಠಪಾಠವಾಗಿ ಬಲ್ಲರು. ಆದರೆ ಬಳಸಿ ಹಳತಾದ ಮೂರು ಶುಷ್ಕಕೋಶಗಳಿಂದ ಬಲ್ಬೊಂದನ್ನು ಉರಿಸಿ, ಒಂದೇ ಮಲ್ಟಿಮೀಟರಿನಿಂದ ಒಂದಾದ ಮೇಲೊಂದನ್ನು ಅಳೆದಾಗ ಲೆಕ್ಕ ತಪ್ಪುವುದುಂಟು. ಬಲ್ಬು ಉರಿಯುತ್ತಿರುವಷ್ಟು ಹೊತ್ತೂ ಕೋಶಗಳ ವಿಭವಾಂತರ ಇಳಿಯುತ್ತಿರುತ್ತದೆ. ಮೂರನೆಯದನ್ನು ಅಳೆಯುವ ವೇಳೆಗೆ ಮೊದಲನೆಯದು ಬದಲಾಗಿರುತ್ತದೆ. ಮೊತ್ತ ಹೊಂದದಿದ್ದಾಗ ಮಗು ಅಂಕಿಯನ್ನು ತಿದ್ದಿ ಬರೆಯಲು ಕಲಿಯುತ್ತದೆ. ವಿಜ್ಞಾನ ಬೋಧನೆಯಲ್ಲಿ ಇದು ಸಣ್ಣ ನಷ್ಟವಲ್ಲ. ಹಲವು ವಿಭವಾಂತರಗಳನ್ನು ಒಮ್ಮೆಗೇ ಅಳೆಯುವ ಅಗತ್ಯ ಹುಟ್ಟುವುದು ಇಲ್ಲಿಯೇ.

ಉಪಕರಣ ಕೊಳ್ಳುವ ಮುನ್ನ ಬೆಲೆಪಟ್ಟಿಯನ್ನಲ್ಲ, ನಾಲ್ಕು ಪ್ರಶ್ನೆಗಳನ್ನು ಎದುರಿಗಿಟ್ಟುಕೊಳ್ಳಬೇಕು. ಎಷ್ಟು ಬಿಂದುಗಳಲ್ಲಿ ಅಳೆಯಬೇಕು? ಗರಿಷ್ಠ ವಿಭವಾಂತರ ಎಷ್ಟು? ಅದು ಎಷ್ಟು ಬೇಗ ಬದಲಾಗುತ್ತದೆ? ಎಷ್ಟು ಸೂಕ್ಷ್ಮ ವ್ಯತ್ಯಾಸ ಕಾಣಬೇಕು? ಈ ಉತ್ತರಗಳು ಸ್ಪಷ್ಟವಾದರೆ ಶಾಲೆಯ ಹಣ ಬೀರುವಿನಲ್ಲಿ ಧೂಳು ಹಿಡಿಯುವುದಿಲ್ಲ.

ಬದಲಾವಣೆ ನಿಧಾನವಾಗಿದ್ದು ಬಿಂದುಗಳು ಮೂರೋ ನಾಲ್ಕೋ ಇದ್ದಲ್ಲಿ, ಅಷ್ಟೇ ಸಂಖ್ಯೆಯ ಸಾಮಾನ್ಯ ಡಿಜಿಟಲ್ ಮಲ್ಟಿಮೀಟರುಗಳು ಸಾಕು. 2 ವೋಲ್ಟ್ ವ್ಯಾಪ್ತಿಯಲ್ಲಿ ಇವು 1 ಮಿಲಿವೋಲ್ಟ್‌ವರೆಗೆ ತೋರಿಸುತ್ತವೆ. ಪ್ರತಿಯೊಂದೂ ತನ್ನದೇ ಬ್ಯಾಟರಿಯಿಂದ ನಡೆಯುವುದರಿಂದ ಮಂಡಲದ ಯಾವ ಎರಡು ಬಿಂದುಗಳ ನಡುವೆಯಾದರೂ ನಿಶ್ಚಿಂತೆಯಿಂದ ಜೋಡಿಸಬಹುದು. ಶಿಕ್ಷಕರು ಸಂಜ್ಞೆ ಕೊಟ್ಟೊಡನೆ ಮಕ್ಕಳು ತಮ್ಮ ತಮ್ಮ ಅಂಕಿಗಳನ್ನು ಬರೆದುಕೊಳ್ಳಲಿ. ಅದಕ್ಕೂ ಮೊದಲು ಎಲ್ಲ ಮೀಟರುಗಳನ್ನೂ ಒಂದೇ ಕೋಶಕ್ಕೆ ಜೋಡಿಸಿ, ಅವುಗಳ ನಡುವಣ ಅಂತರವನ್ನು ಗುರುತಿಟ್ಟುಕೊಳ್ಳುವುದು ಅವಶ್ಯ.

ಅರ್ಧ ಗಂಟೆಯುದ್ದಕ್ಕೂ ದಾಖಲೆ ಬೇಕೆಂದಾದರೆ ಆರ್ಡುಯಿನೊ ಯುನೊ ಫಲಕ ಉಪಯುಕ್ತ. ಕೇರಳದ ಪ್ರೌಢಶಾಲೆಗಳ ಲಿಟಲ್ ಕೈಟ್ಸ್ ಘಟಕಗಳಿಗೆ ವಿತರಿಸಲಾದ ರೊಬೋಟಿಕ್ ಕಿಟ್‌ಗಳಲ್ಲಿ ಆರ್ಡುಯಿನೊ ಇದೆ. ಕಾಸರಗೋಡಿನ ಶಿಕ್ಷಕರು ಹೊಸದನ್ನು ಕೊಳ್ಳುವ ಮುನ್ನ ತಮ್ಮ ಶಾಲೆಯ ಕಿಟ್ ತೆರೆದು ನೋಡುವುದೊಳಿತು. ಯುನೊದ ಆರು ಅನಲಾಗ್ ಒಳದಾರಿಗಳು 0ಯಿಂದ 5 ವೋಲ್ಟ್‌ವರೆಗಿನ ವ್ಯಾಪ್ತಿಯನ್ನು 1024 ಹಂತಗಳಾಗಿ ವಿಭಾಗಿಸುತ್ತವೆ. ಅಂದರೆ ಒಂದು ಹಂತ ಸುಮಾರು 4.9 ಮಿಲಿವೋಲ್ಟ್. ಅದು ಒಳದಾರಿಗಳನ್ನು ಒಂದಾದ ಮೇಲೊಂದರಂತೆಯೇ ಓದುತ್ತದೆಯಾದರೂ, ಒಂದು ಓದಿಗೆ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟೇ ಕಾಲ ಹಿಡಿಯುವುದರಿಂದ, ಕೋಶ ಬರಿದಾಗುವ ಪ್ರಯೋಗಕ್ಕೆ ಅದು ಏಕಕಾಲವೇ ಸರಿ.

ಇಲ್ಲೊಂದು ಎಚ್ಚರಿಕೆ ಬೇಕು. ಮಲ್ಟಿಮೀಟರುಗಳಿಗೆ ಪ್ರತ್ಯೇಕ ಶೂನ್ಯಬಿಂದುಗಳಿದ್ದರೆ, ಫಲಕದ ಎಲ್ಲ ಒಳದಾರಿಗಳಿಗೂ ಶೂನ್ಯಬಿಂದು ಒಂದೇ. ಪ್ರತಿ ಕೋಶದ ಋಣಾಗ್ರವನ್ನೂ ಅದಕ್ಕೆ ಸೇರಿಸಿದರೆ ಕೋಶಗಳು ಹ್ರಸ್ವಮಂಡಲಕ್ಕೆ ಸಿಲುಕಿ ತಂತಿ ಬಿಸಿಯಾಗುತ್ತದೆ. ಆದುದರಿಂದ ಸರಣಿಯ ಕೊನೆಯ ಋಣಾಗ್ರವನ್ನು ಮಾತ್ರ ಶೂನ್ಯಕ್ಕೆ ಜೋಡಿಸಬೇಕು. ಆಗ ಒಳದಾರಿಗಳು ಸುಮಾರು 1.5, 3.0, 4.5 ವೋಲ್ಟ್ ಎಂದು ಮೊತ್ತಗಳನ್ನು ತೋರಿಸುತ್ತವೆ. ಬಿಡಿ ಕೋಶದ ವಿಭವಾಂತರವನ್ನು ಮಗು ಕಳೆಯುವ ಲೆಕ್ಕದಿಂದ ಪಡೆಯುತ್ತದೆ. ವಿಭವಾಂತರವೆಂದರೆ ಎರಡು ಬಿಂದುಗಳ ನಡುವಣ ವ್ಯತ್ಯಾಸವೆಂಬ ಅರ್ಥ ವ್ಯಾಖ್ಯೆಗಿಂತ ಈ ಕಳೆಯುವಿಕೆಯಲ್ಲಿ ಚೆನ್ನಾಗಿ ಮನವರಿಕೆಯಾಗುತ್ತದೆ. ನಾಲ್ಕನೆಯ ಕೋಶ ಸೇರಿದರೆ 5 ವೋಲ್ಟ್ ಮಿತಿ ಮೀರುತ್ತದೆ. ಆಗ 10 ಕಿಲೋಓಮ್‌ನ ಎರಡು ರೋಧಕಗಳಿಂದ ವಿಭವಾಂತರವನ್ನು ಅರ್ಧಕ್ಕಿಳಿಸಿ ಅಳೆದು, ಬಂದ ಅಂಕಿಯನ್ನು ಇಮ್ಮಡಿಸಬೇಕು. ಒಳದಾರಿಗೆ ಋಣ ವೋಲ್ಟೇಜ್ ಕೊಡಲಾಗದು.

ಪರ್ಯಾಯ ವಿದ್ಯುತ್ತಿನ ತರಂಗದಂತಹ ಕ್ಷಿಪ್ರ ಬದಲಾವಣೆಗಳಿಗೆ ಎಕ್ಸ್‌ಪ್-ಐಸ್ 17 ಸೂಕ್ತ. ನವದೆಹಲಿಯ ಅಂತರ್-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರವು ರೂಪಿಸಿದ ಈ ಉಪಕರಣ ಮುಕ್ತ ತಂತ್ರಾಂಶದಿಂದ ನಡೆಯುತ್ತದೆ. ಇದರ ಎರಡು ಒಳದಾರಿಗಳು ಧನ ಮತ್ತು ಋಣ 16 ವೋಲ್ಟ್‌ವರೆಗೆ ಅಳೆಯುತ್ತವೆ. ಇಲ್ಲಿಯೂ ಶೂನ್ಯಬಿಂದು ಒಂದೇ. ಮನೆಬಳಕೆಯ 230 ವೋಲ್ಟ್ ವಿದ್ಯುತ್ತಿಗೆ ಮಾತ್ರ ಇವುಗಳಲ್ಲಿ ಯಾವುದನ್ನೂ ಮಕ್ಕಳ ಕೈಯಿಂದ ಜೋಡಿಸಬಾರದು.

ಗಡಿನಾಡಿನ ಕನ್ನಡ ತರಗತಿಗೆ ಇನ್ನೊಂದು ಹೊಣೆಯಿದೆ. ಉಪಕರಣದ ಮೇಲಿನ ಅಕ್ಷರಗಳು ಇಂಗ್ಲಿಷಿನವು; ಶಾಲೆಯ ಹೊರಗಣ ಭಾಷೆ ಮಲಯಾಳವೋ ತಮಿಳೋ ತೆಲುಗೋ ಮರಾಠಿಯೋ ಆಗಿರುತ್ತದೆ. ಒಳದಾರಿ, ಶೂನ್ಯಬಿಂದು, ಧನಾಗ್ರ, ಋಣಾಗ್ರ ಎಂದು ಬರೆದ ಚೀಟಿಗಳನ್ನು ಮಕ್ಕಳಿಂದಲೇ ಅಂಟಿಸಿದರೆ, ಪಠ್ಯದ ಪದವೂ ಕೈಯಲ್ಲಿರುವ ತಂತಿಯೂ ಒಂದೇ ಎಂಬುದು ಅವರಿಗೆ ತಿಳಿಯುತ್ತದೆ. ಇದಕ್ಕೆ ಬೇಕಾದುದು ಕಾಗದ, ಅಂಟು ಮತ್ತು ಶಿಕ್ಷಕರ ಆಸಕ್ತಿ ಮಾತ್ರ. ಉಪಕರಣ ಎಷ್ಟೇ ಅಗ್ಗದ್ದಾಗಿರಲಿ, ತಾನು ಕಂಡ ಅಂಕಿಯನ್ನು ಕಂಡಂತೆಯೇ ಬರೆಯುವ ಧೈರ್ಯವನ್ನು ಅದು ಮಗುವಿಗೆ ನೀಡಿದರೆ, ಆಯ್ಕೆ ಸರಿಯಾಗಿದೆಯೆಂದೇ ಅರ್ಥ.